ಸ್ಕ್ಯಾನ್ ನಾರ್ಮಲ್ ಬಂತು, ಹಾಗಾದ್ರೆ ಇವರಿಗೆ ಎಂತ ಆಗಿದೆ?

ಪ್ರಶ್ನೆ: ನಮ್ಮದು ಮಲ್ಪೆ ಹತ್ರ. ನಮ್ಮ ಯಜಮಾನರು 20 ವರ್ಷದಿಂದ ಬೋಟಿಗೆ ಹೋಗುವವರು. ಹೋದ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಲ್ಲಿ ಬೋಟು ಇಳಿಸಿದ ಮೊದಲ ವಾರವೇ ಗಾಳಿಗೆ ಬೋಟು ಮಗುಚಿತು, ಇವರು ಒಂದು ಖಾಲಿ ಕ್ಯಾನ್ ಹಿಡ್ಕೊಂಡು ರಾತ್ರಿ ಇಡೀ ನೀರಲ್ಲೇ ಇದ್ರು, ಜೊತೆಗಿದ್ದ ಒಬ್ಬರು ಇವರ ಕಣ್ಣೆದುರೇ ಹೋದ್ರು. ಅವತ್ತಿಂದ ಶೀಟಿನ ಮೇಲೆ ಮಳೆ ಬಿದ್ದ ಸದ್ದು ಕೇಳಿದ್ರೆ ಬೆವರ್ತಾರೆ, ನಿದ್ದೆಯಲ್ಲಿ ಕಾಲು ಬಡೀತಾರೆ, ಕುಡೀದೆ ಮಲಗುದೇ ಇಲ್ಲ. ತಲೆಯ ಎಮ್‌ಆರ್‌ಐ ಮಾಡಿಸಿದೆವು, ನಾರ್ಮಲ್. ಡಾಕ್ಟ್ರು "ಎಂತ ಇಲ್ಲ, ಬರೀ ಟೆನ್ಷನ್" ಅಂದ್ರು. ಅತ್ತೆ ಜೋಯಿಸರ ಹತ್ರ ಪ್ರಶ್ನೆ ಇಡಿಸುವ ಅಂತಾರೆ, ಇವರ ಅಣ್ಣ ಬೆಂಗಳೂರಲ್ಲಿ ದೊಡ್ಡ ಸ್ಕ್ಯಾನ್ ಮಾಡಿಸುವ, ಆಘಾತ ಆದದ್ದು ಅದರಲ್ಲಿ ಕಾಣ್ತದಂತೆ ಅಂತಾರೆ. ಎಂತ ಮಾಡುದು?

ಉತ್ತರ: ಅಕ್ಕ, ಆ ರಿಪೋರ್ಟಲ್ಲಿ ನಾರ್ಮಲ್ ಅಂತ ಬರೆದದ್ದಕ್ಕೆ ಅರ್ಥ ಗಡ್ಡೆ ಇಲ್ಲ, ರಕ್ತಸ್ರಾವ ಇಲ್ಲ, ಸ್ಟ್ರೋಕ್ ಆದ ಗುರುತಿಲ್ಲ ಅಂತ, ಅಷ್ಟೇ. ಅದು ಒಳ್ಳೆ ಸುದ್ದಿಯೇ. ಆದ್ರೆ "ಎಂತ ಇಲ್ಲ" ಅಂದದ್ದು ತಪ್ಪು, ಅದನ್ನು ಓದಿ ನಂಗೆ ತುಂಬ ಬೇಜಾರಾಯ್ತು, ಯಾಕಂದ್ರೆ ಮಳೆ ಸದ್ದಿಗೆ ಬೆವರುದು, ನಿದ್ದೆಯಲ್ಲಿ ಈಜುವವರ ಹಾಗೆ ಕಾಲು ಬಡಿಯುದು, ಇಷ್ಟು ತಿಂಗಳಾದ್ರೂ ಅದು ಬಿಡದೆ ಇರುದು, ನೀವು ಬರೆದದ್ದೆಲ್ಲ ಪಿಟಿಎಸ್‌ಡಿಯ ಲಕ್ಷಣದ ಹಾಗೇ ಉಂಟು. ದೊಡ್ಡ ಆಘಾತದ ನಂತರ ಬರುವ ಕಾಯಿಲೆ ಇದು, ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರ ಕಷ್ಟ ನೋಡಿ ನೋಡಿ 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಗೆ ಸೇರಿಸಿದ ಹೆಸರು. ಪತ್ರ ಓದಿ ಇದೇ ಕಾಯಿಲೆ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಎದುರು ಕೂರಿಸಿ ಕೇಳ್ಬೇಕು, ಆದ್ರೆ ಮನೋವೈದ್ಯರಿಗೆ ತೋರಿಸ್ಲೇಬೇಕಾದ ವಿಷಯ ಇದು.

ಈಗ ಆ ದೊಡ್ಡ ಸ್ಕ್ಯಾನ್. ನನ್ನ ಕೆಲಸವೇ ಅದು, ಹಾಗಾಗಿ ಸ್ವಲ್ಪ ಉದ್ದ ಹೇಳ್ತೇನೆ. ನೀವು ಮಾಡಿಸಿದ್ದು ಮೆದುಳಿನ ಫೋಟೋ. ನಾವು ರಿಸರ್ಚಿಗೆ ಮಾಡುದು ಎಫ್‌ಎಮ್‌ಆರ್‌ಐ, ಮೆದುಳು ಕೆಲಸ ಮಾಡುದನ್ನ ನೋಡುವ ಸ್ಕ್ಯಾನ್. ಮಷಿನ್ ಅದೇ ಜಾತಿದು, ರೇಡಿಯೇಷನ್ ಇಲ್ಲ, ಕರಿಮಣಿ ಉಂಗುರ ಎಲ್ಲ ತೆಗೆದಿಟ್ಟು ಕೊಳವೆಯೊಳಗೆ ಅಲ್ಲಾಡದೆ ಮಲಗ್ಬೇಕು, ಕಿವಿಗೆ ಪ್ಲಗ್ ಇಟ್ರೂ ಡಬಡಬ ಅಂತ ಸದ್ದು ಬರ್ತಾನೇ ಇರ್ತದೆ. ಕಣ್ಣಿನ ಮೇಲೆ ಒಂದು ಸಣ್ಣ ಕನ್ನಡಿ, ಅದರಲ್ಲಿ ಹೆದರಿದ ಮುಖಗಳನ್ನ ತೋರಿಸ್ತಾರೆ, ಇಲ್ಲಾಂದ್ರೆ ಅವರಿಗೆ ಆದ ಘಟನೆಯನ್ನೇ ಅವರ ಬಾಯಿಂದ ಕೇಳಿ ಬರ್ಕೊಂಡು ಅರ್ಧ ನಿಮಿಷದ ರೆಕಾರ್ಡಿಂಗ್ ಮಾಡಿ ಕೇಳಿಸ್ತಾರೆ. ಮೆದುಳಿನ ಯಾವ ಭಾಗ ಜಾಸ್ತಿ ಕೆಲಸ ಮಾಡ್ತದೋ ಅಲ್ಲಿಗೆ ಆಮ್ಲಜನಕ ಇರುವ ರಕ್ತ ಜಾಸ್ತಿ ಬರ್ತದೆ, ಅದು ಏರ್ಲಿಕ್ಕೆ 5-6 ಸೆಕೆಂಡ್ ಬೇಕು, ಆ ವ್ಯತ್ಯಾಸವನ್ನ ಮಷಿನ್ ಹಿಡೀತದೆ. 1990ರಲ್ಲಿ ಜಪಾನಿನ ವಿಜ್ಞಾನಿ ಸೆಯ್ಜಿ ಒಗಾವಾ ತೋರಿಸಿಕೊಟ್ಟ ದಾರಿ ಇದು. ವ್ಯತ್ಯಾಸ ಅಂದ್ರೂ ನೂರರಲ್ಲಿ ಒಂದೆರಡು ಪಾಲು ಅಷ್ಟೆ. ಟಿವಿಯಲ್ಲಿ ಮೆದುಳು ಕೆಂಪಗೆ ಉರಿಯುವ ಚಿತ್ರ ಬರ್ತದಲ್ಲ, ಆ ಬಣ್ಣ ಮೆದುಳಿದ್ದಲ್ಲ, ಹೆಚ್ಚಾಗಿ ತುಂಬ ಜನರ ಸರಾಸರಿ ತೆಗೆದು ಲೆಕ್ಕ ಹಾಕಿ ಕಂಪ್ಯೂಟರಲ್ಲಿ ಹಚ್ಚಿದ್ದು.

ಹೀಗೆ ನೋಡಿದಾಗ ಮುಖ್ಯವಾಗಿ ಮೂರು ಜಾಗದ ಕಥೆ ಕಾಣ್ತದೆ. ಒಂದು ಅಮಿಗ್ಡಲಾ, ಬಾದಾಮಿ ಆಕಾರದ್ದು, ಅಪಾಯ ಅಂತ ಕಂಡ ಕೂಡ್ಲೆ ಎದೆ ಬಡಿತ ಏರಿಸಿ ಬೆವರು ಬರಿಸುದು ಅದೇ. ಇನ್ನೊಂದು ಹಿಪೊಕ್ಯಾಂಪಸ್, ನೋಡ್ಲಿಕ್ಕೆ ಕಡಲಕುದುರೆ ಹಾಗೆ, ನಿಮ್ಮವರ ಬಲೆಗೆ ಕಡಲಕುದುರೆ ಎಷ್ಟೋ ಸಲ ಬಿದ್ದಿರಬಹುದು. ಎಂತ ಆಯ್ತು ಅಂತ ಮಾತ್ರ ಅಲ್ಲ, ಎಲ್ಲಿ ಆಯ್ತು ಯಾವಾಗ ಆಯ್ತು ಅಂತ ನೆನಪು ಇಟ್ಕೊಳ್ಳುದು ಅದರ ಕೆಲಸ. ಮತ್ತೆ ಹಣೆಯ ಹಿಂದಿನ ಭಾಗ, "ಸಾಕು, ಸುಮ್ಮನಿರು" ಅಂತ ಹೆದರಿಕೆಯನ್ನ ತಗ್ಗಿಸುವಂಥದ್ದು. ಶೀಟಿನ ಮೇಲೆ ಮಳೆ ಬಿದ್ದಾಗ ಇದು ಮನೆ, ನಾನು ಹಾಸಿಗೆ ಮೇಲೆ ಇದ್ದೇನೆ, ಕಡಲಲ್ಲಿ ಅಲ್ಲ ಅಂತ ಹಿಪೊಕ್ಯಾಂಪಸ್ಸೂ ಹಣೆಯ ಹಿಂದಿನ ಭಾಗವೂ ಸೇರಿ ಹೇಳ್ಬೇಕು. ಪಿಟಿಎಸ್‌ಡಿ ಇರುವವರಲ್ಲಿ ಅಮಿಗ್ಡಲಾ ಜೋರು, ಹಣೆಯ ಹಿಂದಿನ ಭಾಗ ಕಡಿಮೆ, ಹಿಪೊಕ್ಯಾಂಪಸ್‌ನ ಕೆಲಸದಲ್ಲೂ ಏರುಪೇರು ಅಂತ ತುಂಬ ಅಧ್ಯಯನಗಳಲ್ಲಿ ಕಂಡಿದೆ, ಎಲ್ಲದರಲ್ಲೂ ಅಲ್ಲ. ಹಾಗಾಗಿ ನಿಮ್ಮವರಿಗೆ "ಧೈರ್ಯ ತಗೊ, ಗಂಡಸಲ್ವಾ" ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ತಡೀರಿ. ಅವರು ಬೇಕಂತ ಬೆವರುದಲ್ಲ.

ಆದ್ರೂ ಆ ಸ್ಕ್ಯಾನಿಗೆ ದುಡ್ಡು ಹಾಕ್ಬೇಡಿ ಅಂತಲೇ ಹೇಳ್ತೇನೆ. 1995ರಲ್ಲಿ ಅಮೆರಿಕದ ಮನೋವೈದ್ಯ ಡಗ್ಲಸ್ ಬ್ರೆಮ್ನರ್ ಮತ್ತೆ ಅವರ ಜೊತೆಯವರು ಪಿಟಿಎಸ್‌ಡಿ ಇದ್ದ ವಿಯೆಟ್ನಾಂ ಸೈನಿಕರ ಬಲಬದಿಯ ಹಿಪೊಕ್ಯಾಂಪಸ್ ಸರಾಸರಿ 8% ಸಣ್ಣದುಂಟು ಅಂತ ತೋರಿಸಿದ್ರು, ಆಗ ಎಲ್ಲರೂ ಆಘಾತವೇ ಅದನ್ನ ಕುಗ್ಗಿಸಿತು ಅಂತ ಅಂದ್ಕೊಂಡ್ರು. 2002ರಲ್ಲಿ ಮಾರ್ಕ್ ಗಿಲ್ಬರ್ಟ್‌ಸನ್ ತಂಡ ಅವಳಿಗಳನ್ನ ನೋಡಿತು, ತದ್ರೂಪಿ ಅವಳಿ, ಒಬ್ಬ ಯುದ್ಧಕ್ಕೆ ಹೋದವ, ಇನ್ನೊಬ್ಬ ಊರಲ್ಲೇ ಉಳಿದವ. ಹೋದವನಿಗೆ ಜೋರು ಪಿಟಿಎಸ್‌ಡಿ ಇದ್ದ ಕಡೆ, ಯುದ್ಧವನ್ನೇ ಕಾಣದ ಅವಳಿಯ ಹಿಪೊಕ್ಯಾಂಪಸ್ಸೂ ಸಣ್ಣದೇ ಇತ್ತು! ಅಂದ್ರೆ ಸ್ವಲ್ಪ ಮಟ್ಟಿಗಾದ್ರೂ ಅದು ಮೊದಲೇ ಹಾಗಿದ್ದು, ಅಂಥವರಿಗೆ ಕಾಯಿಲೆ ಬೇಗ ಹಿಡೀತದೋ ಏನೋ. ನಂಗೆ ಈ ಒಂದು ಅಧ್ಯಯನ ಎಷ್ಟು ಸಲ ಓದಿದ್ರೂ ಸಾಕಾಗುದಿಲ್ಲ, ಒಂದು ಚಿತ್ರ ನೋಡಿ ಕಾರಣ ಹೇಳಿಬಿಡ್ಬಾರದು ಅಂತ ನಂಗೆ ಕಲಿಸಿದ್ದೇ ಅದು. ಮತ್ತೆ 2018ರಲ್ಲಿ ಬೇರೆ ಬೇರೆ ಕಡೆಯ 1868 ಜನರ ಸ್ಕ್ಯಾನ್ ಒಟ್ಟಿಗೆ ಇಟ್ಟು ನೋಡಿದಾಗಲೂ ಪಿಟಿಎಸ್‌ಡಿ ಇದ್ದವರ ಹಿಪೊಕ್ಯಾಂಪಸ್ ಸಣ್ಣದಿರುದು ಹೌದು ಅಂತಾಯ್ತು, ಆದ್ರೆ ವ್ಯತ್ಯಾಸ ತೀರಾ ಕಡಿಮೆ.

ಎರಡು ಬುಟ್ಟಿ ಬಂಗುಡೆ ಉಂಟು, ಒಂದರ ಸರಾಸರಿ ತೂಕ ಚೂರು ಹೆಚ್ಚು ಅಂತ ಇಟ್ಕೊಳ್ಳಿ. ಒಂದೇ ಒಂದು ಬಂಗುಡೆ ಕೈಗೆ ಕೊಟ್ಟು ಇದು ಯಾವ ಬುಟ್ಟಿದು ಅಂತ ಕೇಳಿದ್ರೆ ನಿಮಗೆ ಹೇಳ್ಲಿಕ್ಕೆ ಆಗ್ತದಾ? ಸ್ಕ್ಯಾನಿನದ್ದೂ ಅದೇ ಕಷ್ಟ. ಗುಂಪಿನ ಬಗ್ಗೆ ಹೇಳ್ತದೆ, ನಿಮ್ಮ ಯಜಮಾನರೊಬ್ಬರ ಬಗ್ಗೆ ಹೇಳುದಿಲ್ಲ. ಇವತ್ತಿಗೂ ಪಿಟಿಎಸ್‌ಡಿ ಉಂಟಾ ಇಲ್ವಾ ಅಂತ ತಿಳಿಯುದು ಕೂತು ಮಾತಾಡಿಯೇ.

ಚಿಕಿತ್ಸೆ ಉಂಟು, ಒಳ್ಳೆದೇ ಉಂಟು. ಆಘಾತದ ನೆನಪನ್ನೇ ಹಿಡಿದು ಮಾಡುವ ಥೆರಪಿಯಲ್ಲಿ ವಾರಕ್ಕೊಮ್ಮೆ ಅಂತ ಒಂದು 8ರಿಂದ 15 ಸಲ ಕೂರ್ಬೇಕಾಗ್ತದೆ, ಆ ರಾತ್ರಿಯ ಕಥೆಯನ್ನ ತಜ್ಞರ ಎದುರು ಸ್ವಲ್ಪ ಸ್ವಲ್ಪ ಹೇಳ್ತಾ ಹೋಗುದು, ದೂರ ಇಟ್ಟದ್ದರ ಹತ್ರ ಮೆಲ್ಲ ಹೋಗುದು, ಮೊದಲು ಬಂದರಿನ ತನಕ, ಆಮೇಲೆ ದಕ್ಕೆಯಲ್ಲಿ ಕಟ್ಟಿದ ಬೋಟಿನ ಮೇಲೆ, ಹೀಗೆ. ಮನೆಯಲ್ಲಿ ನೀವೇ ಒತ್ತಾಯ ಮಾಡಿ ಕರ್ಕೊಂಡು ಹೋಗ್ಬೇಡಿ ಮತ್ತೆ. ಸರ್ಟ್ರಲೀನ್‌ನಂಥ ಮಾತ್ರೆಗಳೂ ತುಂಬ ಜನರಿಗೆ ಸಹಾಯ ಮಾಡ್ತವೆ. ಕುಡಿತದ ವಿಷಯ ಡಾಕ್ಟ್ರ ಹತ್ರ ಮುಚ್ಚಿಡ್ಬೇಡಿ, ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದ್ರೆ ಫಿಟ್ಸ್ ಬರುವ ಅಪಾಯ ಉಂಟು, ಅವರು ಹೇಳಿದ ಹಾಗೆ ಬಿಡಿಸ್ಬೇಕು. ಸಾಯುವ ಮಾತು ಬಂದ್ರೆ ಅವತ್ತೇ ಕರ್ಕೊಂಡು ಹೋಗಿ. ಪ್ರಶ್ನೆ ಇಡಿಸುದು ಬೇಡ ಅಂತ ಅತ್ತೆ ಹತ್ರ ಜಗಳ ಮಾಡ್ಬೇಡಿ, ದೈವದ ಎದುರು ನಿಂತ್ರೆ ಅವರಿಗೆ ಸಮಾಧಾನ ಆಗ್ತದಾದ್ರೆ ಆಗ್ಲಿ, ಆದ್ರೆ ಆಸ್ಪತ್ರೆಯ ದಿನ ಅದಕ್ಕೋಸ್ಕರ ಮುಂದೆ ಹಾಕ್ಬೇಡಿ.

ಪ್ರಶ್ನೆ: ನಾನು ಮಂಗಳೂರಲ್ಲಿ ಡಿಗ್ರಿ ಓದ್ತಿದ್ದೇನೆ. ಸಣ್ಣದಿರುವಾಗ ಮನೆಯಲ್ಲಿ ತುಂಬ ಪೆಟ್ಟು ತಿಂದವಳು. ಅಂಥವರ ಮೆದುಳು ಪರ್ಮನೆಂಟ್ ಹಾಳಾಗ್ತದೆ ಅಂತ ಒಂದು ರೀಲ್ಸಲ್ಲಿ ನೋಡಿದೆ, ಅದರ ನಂತರ ನಿದ್ದೆ ಇಲ್ಲ.

ಉತ್ತರ: ಮಗಾ, ಹಾಳಾಗ್ತದೆ ಅನ್ನುವ ಶಬ್ದವನ್ನ ಮೊದಲು ತಲೆಯಿಂದ ತೆಗಿ. ಹಿಂಸೆ ಇದ್ದ ಮನೆಯಲ್ಲಿ ಬೆಳೆದ ಮಕ್ಕಳಲ್ಲಿ ಅಮಿಗ್ಡಲಾ ಹೆದರಿಕೆಗೆ ಬೇಗ ಎದ್ದೇಳುದು ಕಂಡಿದೆ ಹೌದು, ಬಾಗಿಲ ಸದ್ದಿನಲ್ಲೇ ಅಪ್ಪನ ಸಿಟ್ಟು ಗೊತ್ತಾಗ್ಬೇಕಾದ ಮನೆಯಲ್ಲಿ ಆ ಮೆದುಳು ನಿನ್ನನ್ನ ಕಾಪಾಡ್ಲಿಕ್ಕೇ ಹಾಗೆ ಕಲ್ತದ್ದು. ಮತ್ತೆ ದೊಡ್ಡವರಾದ ಮೇಲೂ ಮೆದುಳು ಬದಲಾಗ್ತದೆ. ಲಂಡನ್ ಟ್ಯಾಕ್ಸಿ ಡ್ರೈವರ್ ಆಗ್ಲಿಕ್ಕೆ ಸಾವಿರಾರು ಬೀದಿ ಬಾಯಿಪಾಠ ಮಾಡ್ಬೇಕು, ಅದನ್ನ ಕಲಿತು ಪರೀಕ್ಷೆ ಪಾಸಾದವರ ಹಿಪೊಕ್ಯಾಂಪಸ್‌ನ ಹಿಂಭಾಗ ಬೆಳೆದದ್ದನ್ನ ಎಲೆನರ್ ಮಗ್ವೈರ್ ಮತ್ತೆ ಕ್ಯಾಥರಿನ್ ವೂಲೆಟ್ ಅನ್ನುವ ವಿಜ್ಞಾನಿಗಳು 2011ರಲ್ಲಿ ಮೊದಲು-ನಂತರ ಸ್ಕ್ಯಾನ್ ಮಾಡಿಯೇ ತೋರಿಸಿದ್ರು. ಥೆರಪಿಯಿಂದ ಅದೇ ಆಗ್ತದೆ ಅಂತ ನಾನು ಹೇಳುದಿಲ್ಲ, ಅದು ಬೇರೆ ವಿಷಯ, ಆದ್ರೆ ಒಂದು ಸಲ ಆದದ್ದು ಕಲ್ಲಿನ ಮೇಲೆ ಕೆತ್ತಿದ ಹಾಗೆ ಅಂತ ಹೇಳುವ ರೀಲ್ಸ್ ಸುಳ್ಳು.

ನಿದ್ದೆ ಬಾರದ್ದು ಎರಡು ವಾರ ದಾಟಿದ್ರೆ, ಇಲ್ಲಾ ಓದ್ಲಿಕ್ಕೆ ಆಗ್ತಾ ಇಲ್ಲಾಂದ್ರೆ, ಟೆಲಿ ಮಾನಸ್ ಅಂತ ಸರ್ಕಾರದ ಹೆಲ್ಪ್‌ಲೈನ್ ಉಂಟು, 14416, ದಿನದ 24 ಗಂಟೆಯೂ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ಮಲ್ಪೆಯ ಅಕ್ಕನೂ ಅದಕ್ಕೇ ಫೋನ್ ಮಾಡಿ ಹತ್ತಿರದಲ್ಲಿ ಎಲ್ಲಿ ತೋರಿಸುದು ಅಂತ ಕೇಳ್ಬಹುದು, ಮಳೆ ಶುರುವಾಗುವ ಮೊದಲೇ ಕೇಳಿ.