ಅಂಡಮಾನ್‌ಗೆ ಆರು ರಾತ್ರಿ: ಯಾವ ದ್ವೀಪಕ್ಕೆ ಎಷ್ಟು ಕೊಡಬೇಕು?

ನೀವು ಹೇಳಿರುವುದು ಇಷ್ಟು: ಜನವರಿಯಲ್ಲಿ ಆರು ರಾತ್ರಿ, ಏಳು ಹಗಲು. ನೀವಿಬ್ಬರು, ಹತ್ತು ವರ್ಷದ ಮಗ, ಮಂಡಿನೋವಿರುವ ಅರವತ್ತೆಂಟರ ಅತ್ತೆಯವರು. ಬೆಂಗಳೂರಿನಿಂದ ನೇರ ವಿಮಾನ. ಏಜೆಂಟ್ ಕೊಟ್ಟ ಪ್ಲಾನ್‌ನಲ್ಲಿ ಪೋರ್ಟ್ ಬ್ಲೇರ್‌ಗೆ ಮೂರು ರಾತ್ರಿ, ಹ್ಯಾವ್‌ಲಾಕ್‌ಗೆ ಎರಡು, ನೀಲ್‌ಗೆ ಒಂದು. ಮಧ್ಯೆ ಒಂದು ದಿನ ಸುಣ್ಣಕಲ್ಲಿನ ಗುಹೆಗಳಿರುವ ಬಾರಾತಂಗ್ ದ್ವೀಪ. ಇದು ಸರಿಯಿದೆಯೇ, ಉತ್ತರ ಅಂಡಮಾನ್‌ನ ದಿಗ್ಲಿಪುರವನ್ನೂ ತುರುಕಬಹುದೇ ಎಂಬುದು ಪ್ರಶ್ನೆ.

ನನ್ನ ಉತ್ತರ: ಪೋರ್ಟ್ ಬ್ಲೇರ್ ಒಂದು, ಹ್ಯಾವ್‌ಲಾಕ್ ಮೂರು, ನೀಲ್ ಒಂದು, ಕೊನೆಗೆ ಮತ್ತೆ ಪೋರ್ಟ್ ಬ್ಲೇರ್ ಒಂದು. ಬಾರಾತಂಗ್ ಬೇಡ, ದಿಗ್ಲಿಪುರದ ಮಾತೇ ಬೇಡ. ಹ್ಯಾವ್‌ಲಾಕ್‌ನ ಮೂರರಲ್ಲಿ ಒಂದನ್ನು ನೀಲ್‌ಗೆ ಕೊಡಬೇಕಾಗಿ ಬರಬಹುದು. ಅದನ್ನು ನಿಮ್ಮ ತಾರೀಖಿನ ಸಮುದ್ರದ ಇಳಿತ ನೋಡಿ ತೀರ್ಮಾನಿಸಬೇಕು, ಮುಂದೆ ಹೇಳುತ್ತೇನೆ. (ಟಿಕೆಟ್‌ಗಳಲ್ಲಿ ಹೊಸ ಹೆಸರುಗಳು ಕಂಡರೆ ಗಾಬರಿ ಬೇಡ. 2018ರಿಂದ ಹ್ಯಾವ್‌ಲಾಕ್ ಎಂದರೆ ಸ್ವರಾಜ್ ದ್ವೀಪ, ನೀಲ್ ಎಂದರೆ ಶಹೀದ್ ದ್ವೀಪ. 2024ರಿಂದ ಪೋರ್ಟ್ ಬ್ಲೇರ್ ಎಂದರೆ ಶ್ರೀ ವಿಜಯ ಪುರಂ. ಮಾತಿನಲ್ಲಿ ಹಳೆಯ ಹೆಸರುಗಳೇ ಓಡುತ್ತವೆ.)

ಏಜೆಂಟರು ರಾತ್ರಿ ಎಣಿಸುತ್ತಾರೆ, ಯಾಕೆಂದರೆ ರೂಮಿನ ಬಿಲ್ಲು ರಾತ್ರಿಯ ಲೆಕ್ಕದಲ್ಲಿ ಆಗುತ್ತದೆ. ನೀವು ಎಣಿಸಬೇಕಾದದ್ದು ಬೆಳಕಿರುವ ಅರ್ಧ ದಿನಗಳನ್ನು. ಅಂಡಮಾನ್ ಬೆಂಗಳೂರಿಗಿಂತ ಸುಮಾರು ಹದಿನೈದು ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಹಾಗಾಗಿ ಅಲ್ಲಿ ಎಲ್ಲವೂ ಒಂದು ಗಂಟೆ ಮುಂಚೆ. ಜನವರಿ ನಡುವಿನಲ್ಲಿ ಬೆಳಗ್ಗೆ ಐದೂಮುಕ್ಕಾಲಿನ ಹೊತ್ತಿಗೆ ಸೂರ್ಯ ಹುಟ್ಟಿ, ಸಂಜೆ 5.10ರ ಸುಮಾರಿಗೆ ಮುಳುಗುತ್ತಾನೆ. ಐದೂವರೆಗೆ ಕತ್ತಲು. ಊಟ ಮುಗಿಸಿ, ಒಂದು ನಿದ್ದೆ ತೆಗೆದು, ನಾಲ್ಕೂವರೆಗೆ ಬೀಚಿಗೆ ಹೊರಡುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಹೋಗಿ ಮುಟ್ಟುವಷ್ಟರಲ್ಲಿ ಲೈಫ್‌ಗಾರ್ಡ್ ಸೀಟಿ ಊದಿ ಎಲ್ಲರನ್ನೂ ನೀರಿನಿಂದ ಮೇಲೆ ಕರೆಯುತ್ತಿರುತ್ತಾನೆ.

ಈಗ ಲೆಕ್ಕ ಹಾಕಿ. ಏಳು ದಿನಕ್ಕೆ ಹದಿನಾಲ್ಕು ಅರ್ಧ ದಿನ. ಹೋಗುವ ದಿನದ ಬೆಳಗ್ಗೆ ವಿಮಾನಕ್ಕೆ ಹೋಯಿತು, ಬರುವ ದಿನ ಪೂರ್ತಿ ಹೋಯಿತು ಎಂದೇ ಇಟ್ಟುಕೊಳ್ಳಿ. ಮೂರು ಸಲ ಸಮುದ್ರ ದಾಟುವುದಕ್ಕೆ ಮೂರು ಅರ್ಧ ದಿನ. ಉಳಿದದ್ದು ಎಂಟು. ಬಾರಾತಂಗ್ ಅದರಲ್ಲಿ ಎರಡನ್ನು ನುಂಗುತ್ತದೆ. ದಿಗ್ಲಿಪುರ ರಸ್ತೆಯಲ್ಲಿ ಮುನ್ನೂರು ಕಿ.ಮೀ.ಗೂ ಹೆಚ್ಚು; ಹೋಗಲು ಒಂದು ದಿನ, ಬರಲು ಒಂದು ದಿನ, ಅಂದರೆ ನಾಲ್ಕು ಅರ್ಧ ದಿನ ಬರೀ ಗಾಡಿಯಲ್ಲೇ. ರಾಸ್ ಮತ್ತು ಸ್ಮಿತ್ ದ್ವೀಪಗಳ ನಡುವಿನ ಮರಳದಂಡೆ ಚೆಂದವೇ, ಆದರೆ ಅದಕ್ಕೆ ಹತ್ತು ದಿನದ ಪ್ರವಾಸ ಬೇಕು.

ಹ್ಯಾವ್‌ಲಾಕ್ ನಲವತ್ತೇ ಕಿಲೋಮೀಟರು, ಖಾಸಗಿ ಫೆರಿಯಲ್ಲಿ ಒಂದೂವರೆಯಿಂದ ಎರಡು-ಎರಡೂವರೆ ಗಂಟೆ, ಅದಕ್ಕೆ ಅರ್ಧ ದಿನ ಯಾಕೆ ಎಂದು ಅನ್ನಿಸಬಹುದು. ಹಡಗು ಎಂಟಕ್ಕೆ ಎಂದರೆ ಏಳಕ್ಕೆ ಜೆಟ್ಟಿಯಲ್ಲಿರಬೇಕು. ಗುರುತಿನ ಚೀಟಿ ತೋರಿಸಬೇಕು, ಲಗೇಜು ಸ್ಕ್ಯಾನ್ ಆಗಬೇಕು, ದೊಡ್ಡ ಸೂಟ್‌ಕೇಸುಗಳಿಗೆ ಟ್ಯಾಗ್ ಹಾಕಿ ಕೊಡಬೇಕು. ಆ ಕಡೆ ಇಳಿದ ಮೇಲೆ ಲಗೇಜು ಬರುವವರೆಗೆ ಕಾಯಬೇಕು, ಮತ್ತೆ ಆಟೋ ಅಥವಾ ಜೀಪು. ಹೋಟೆಲಿಗೆ ಹತ್ತೂವರೆಗೆ ಮುಟ್ಟಿದರೂ ರೂಮು ಹನ್ನೊಂದೂವರೆ-ಹನ್ನೆರಡಕ್ಕೇ ಸಿಗುವುದು. ಹೊರಡುವ ದಿನ ಇನ್ನೊಂದು ತೊಡಕು. ಅಲ್ಲಿ ಅನೇಕ ಹೋಟೆಲುಗಳ ಚೆಕ್‌ಔಟ್ ಬೆಳಗ್ಗೆ ಎಂಟು-ಒಂಬತ್ತಕ್ಕೇ. ಮಧ್ಯಾಹ್ನದ ಹಡಗು ಹಿಡಿದರೆ ಅತ್ತೆಯವರು ಲಗೇಜಿನ ಜೊತೆ ರಿಸೆಪ್ಷನ್ ಕುರ್ಚಿಯಲ್ಲಿ ನಾಲ್ಕೈದು ಗಂಟೆ ಕೂರಬೇಕಾಗುತ್ತದೆ. ಬುಕ್ ಮಾಡುವಾಗಲೇ ಲೇಟ್ ಚೆಕ್‌ಔಟ್ ಕೇಳಿ, ಒಪ್ಪಿದ್ದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಖಾಸಗಿ ಫೆರಿಗಳು ಹೆಚ್ಚಾಗಿ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಮತ್ತೆ ಪೋರ್ಟ್ ಬ್ಲೇರ್ ಎಂದು ಸುತ್ತು ಹೊಡೆಯುತ್ತವೆ. ಅದೇ ದಿಕ್ಕಿನಲ್ಲಿ ಹೋದರೆ ಟಿಕೆಟ್ ಸಲೀಸು. ಅದಕ್ಕಿಂತ ದೊಡ್ಡ ಕಾರಣ ಡೈವಿಂಗ್. ನಿಮ್ಮ ಮಗನಿಗೆ ಸ್ಕೂಬಾ ಮಾಡಿಸುವ ಆಸೆ ಇದೆ ಎಂದಿದ್ದೀರಿ. ನೀರಿನಡಿ ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿರುತ್ತದೆ. ಅದು ನಿಧಾನಕ್ಕೆ ಹೊರಹೋಗುವ ಮುಂಚೆ ವಿಮಾನ ಹತ್ತಿದರೆ ಗುಳ್ಳೆಗಳಾಗಿ ಅಪಾಯ ಆಗುತ್ತದೆ. ಡೈವ್ ಮತ್ತು ವಿಮಾನದ ನಡುವೆ 24 ಗಂಟೆ ಬಿಡಿ. ಒಂದೇ ಡೈವ್ ಆದರೆ 12 ಗಂಟೆ, ಹೆಚ್ಚಾದರೆ 18 ಎಂಬ ನಿಯಮ ಇದೆ. ಕುಟುಂಬದ ಪ್ರವಾಸದಲ್ಲಿ ಗಂಟೆ ಗಂಟೆ ಲೆಕ್ಕ ಹಾಕುತ್ತಾ ಕೂರುವುದು ಬೇಡ. ಹ್ಯಾವ್‌ಲಾಕ್ ಮೊದಲು ಮುಗಿದರೆ ಈ ತಲೆನೋವೇ ಇರುವುದಿಲ್ಲ.

ಡೈವ್ ಮೂರನೇ ದಿನ ಬೆಳಗ್ಗೆ ಇಟ್ಟುಕೊಳ್ಳಿ, ಮೊದಲ ಬ್ಯಾಚಿನಲ್ಲಿ. ಆಗ ಗಾಳಿ ಕಡಿಮೆ, ನೀರು ತಿಳಿ. ಅವತ್ತು ಅಲೆ ಜೋರಿದ್ದರೆ ನಾಲ್ಕನೇ ದಿನ ಕೈಯಲ್ಲಿರುತ್ತದೆ. ಮೂರು ರಾತ್ರಿ ಎಂದದ್ದರ ಅರ್ಥವೇ ಇದು. ಎರಡೇ ರಾತ್ರಿ ಇದ್ದರೆ ಪೂರ್ತಿ ಸಿಗುವ ಬೆಳಗ್ಗೆ ಒಂದೇ, ಅದು ಕೆಟ್ಟರೆ ಡೈವೂ ಇಲ್ಲ, ಸ್ನಾರ್ಕೆಲಿಂಗೂ ಇಲ್ಲ. ಹತ್ತು ವರ್ಷ ತುಂಬಿದ ಮಕ್ಕಳನ್ನು ಸಾಮಾನ್ಯವಾಗಿ ಕರೆದುಕೊಳ್ಳುತ್ತಾರೆ, ಈಜು ಬರಲೇಬೇಕೆಂದಿಲ್ಲ, ಹನ್ನೆರಡು ಮೀಟರ್‌ಗಿಂತ ಆಳಕ್ಕೆ ಇಳಿಸುವುದಿಲ್ಲ. ಆದರೆ ಉಬ್ಬಸ ಇದ್ದರೆ ಅಥವಾ ಶೀತವಾಗಿ ಕಿವಿ ಕಟ್ಟಿದ್ದರೆ ಆಗದು. ಆ ಫಾರಂನಲ್ಲಿ ಸುಳ್ಳು ಬರೆಯಬೇಡಿ.

ರಾಧಾನಗರ ಬೀಚ್ ಪಶ್ಚಿಮಕ್ಕಿದೆ, ಜೆಟ್ಟಿಯಿಂದ ಹನ್ನೆರಡು ಕಿ.ಮೀ. ಎರಡನೇ ದಿನ ಊಟ ಮಾಡಿ ಎರಡೂವರೆಗೇ ಹೊರಡಿ, ಮೂರರಿಂದ ಸೂರ್ಯ ಮುಳುಗುವವರೆಗೆ ಇರಿ. ಮರಳು ಮೆತ್ತಗೆ, ಮರದ ನೆರಳಿದೆ, ಅತ್ತೆಯವರಿಗೆ ಇಡೀ ಪ್ರವಾಸದಲ್ಲಿ ಅತ್ಯಂತ ಹಿತವಾದ ಜಾಗ ಇದೇ. ಸಾಧ್ಯವಾದರೆ ನಾಲ್ಕನೇ ದಿನವೂ ಅಲ್ಲಿಗೇ ಹೋಗಿ. ಕಾಲಾಪತ್ಥರ್ ಪೂರ್ವಕ್ಕಿದೆ, ಬೆಳಗ್ಗೆಯ ಜಾಗ, ಒಂದು ಗಂಟೆ ಸಾಕು. ಎಲಿಫೆಂಟ್ ಬೀಚಿಗೆ ದೋಣಿಯಲ್ಲಿ ಹೋಗಬೇಕು ಅಥವಾ ಕಾಡಿನ ಕೆಸರುದಾರಿಯಲ್ಲಿ ನಡೆಯಬೇಕು. ದೋಣಿಯಿಂದ ನೀರಿಗೆ ಇಳಿದು ಹತ್ತುವುದು ಮಂಡಿನೋವಿನವರಿಗೆ ಕಷ್ಟ. ಮಗನನ್ನು ಒಬ್ಬರು ಕರೆದುಕೊಂಡು ಹೋಗಿ, ಇನ್ನೊಬ್ಬರು ಅತ್ತೆಯವರ ಜೊತೆ ಇರಿ.

ಈಗ ನೀಲ್. ಇಲ್ಲಿಯ ಸಮಯ ಹಂಚಿಕೆ ಸಮುದ್ರದ ಕೈಯಲ್ಲಿದೆ, ಇದನ್ನು ಪ್ಯಾಕೇಜಿನವರು ಯಾರೂ ಹೇಳುವುದಿಲ್ಲ. ಇಡೀ ದ್ವೀಪ ಒಂದು ತುದಿಯಿಂದ ಇನ್ನೊಂದಕ್ಕೆ ಐದು ಕಿ.ಮೀ. ಆಸುಪಾಸು, ನೋಡುವುದಕ್ಕೆ ಒಂದು ದಿನ ಸಾಕು ಎಂದು ಕಾಣುತ್ತದೆ. ಆದರೆ ಅಲ್ಲಿಯ ಎರಡು ಮುಖ್ಯ ಜಾಗಗಳಿಗೆ ಬೇಕಾದದ್ದು ಒಂದಕ್ಕೊಂದು ವಿರುದ್ಧ. ನ್ಯಾಚುರಲ್ ಬ್ರಿಡ್ಜ್ ಎಂಬ ಕಲ್ಲಿನ ಕಮಾನಿಗೆ ಹೋಗಬೇಕಾದರೆ ಸಮುದ್ರ ಪೂರ್ತಿ ಇಳಿದಿರಬೇಕು. ಆಗಲೇ ಬಂಡೆಗಳ ನಡುವಿನ ಹೊಂಡಗಳಲ್ಲಿ ಸಮುದ್ರಸೌತೆ, ಚಿಪ್ಪುಜೀವಿ, ಪುಟ್ಟ ಮೀನುಗಳು ಕಾಣುತ್ತವೆ. ಜೆಟ್ಟಿ ಪಕ್ಕದ ಭರತ್‌ಪುರ್ ಬೀಚಿನಲ್ಲಿ ನೀರಾಟ ಆಡಬೇಕಾದರೆ ಸಮುದ್ರ ತುಂಬಿರಬೇಕು. ಇಳಿತದಲ್ಲಿ ನೀರು ದೂರ ಸರಿದು, ಹವಳದ ಕಲ್ಲುಗಳಷ್ಟೇ ಉಳಿದಿರುತ್ತವೆ.

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಪೋರ್ಟ್ ಬ್ಲೇರ್‌ನ ಉಬ್ಬರ-ಇಳಿತದ ಪಟ್ಟಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ನೀಲ್‌ಗೂ ಅದೇ ಸಾಕು. ನಿಮ್ಮ ಆರನೇ ದಿನಕ್ಕೆ ನೋಡಿ. ಇಳಿತ ಬೆಳಗ್ಗೆ ಏಳಕ್ಕೆ ಇದ್ದರೆ ಹಬ್ಬ: ಆರಕ್ಕೆ ಹೊರಟು ಬ್ರಿಡ್ಜ್, ಎಂಟೂವರೆಗೆ ತಿಂಡಿ, ಚೆಕ್‌ಔಟ್, ಹನ್ನೊಂದರ ಮೇಲೆ ನೀರು ತುಂಬುತ್ತಿರುವಾಗ ಭರತ್‌ಪುರ್, ಮಧ್ಯಾಹ್ನದ ನಂತರ ಅಲ್ಲಿಂದಲೇ ಹಡಗು. ಒಂದು ರಾತ್ರಿ ಧಾರಾಳ. ಇಳಿತ ಹನ್ನೊಂದಕ್ಕೆ ಇದ್ದರೆ ಭರತ್‌ಪುರ್‌ನಲ್ಲಿ ನೀರು ತುಂಬುವುದು ಸಂಜೆ ಐದಕ್ಕೆ, ಕತ್ತಲಾಗುವ ಹೊತ್ತಿಗೆ, ಅಷ್ಟರಲ್ಲಿ ನಿಮ್ಮ ಹಡಗೂ ಹೋಗಿರುತ್ತದೆ. ಆಗ ಒಂದನ್ನು ಬಿಡಬೇಕು, ಇಲ್ಲವೇ ಹ್ಯಾವ್‌ಲಾಕ್‌ನ ಒಂದು ರಾತ್ರಿಯನ್ನು ಇಲ್ಲಿಗೆ ಕೊಡಬೇಕು. ಡೈವ್ ಮುಖ್ಯವಾದರೆ ಬಿಡಿ, ನಿಧಾನದ ಊರು ಇಷ್ಟವಾದರೆ ಕೊಡಿ.

ಜೊತೆಗೆ ಗೋಡೆಯ ಕ್ಯಾಲೆಂಡರ್ ನೋಡಿ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಸಮುದ್ರ ಚೆನ್ನಾಗಿ ಇಳಿಯುತ್ತದೆ. ಅಷ್ಟಮಿ-ನವಮಿಯ ಹೊತ್ತಿಗೆ ಇಳಿತ ಕಡಿಮೆ, ಬ್ರಿಡ್ಜ್ ಹತ್ತಿರವೂ ನೀರು ನಿಂತಿರಬಹುದು. ಹ್ಯಾವ್‌ಲಾಕ್‌ನಲ್ಲಿ ರಾತ್ರಿ ಸೂಕ್ಷ್ಮಜೀವಿಗಳಿಂದ ನೀರು ಮಿನುಗುವುದನ್ನು ನೋಡಬೇಕಾದರೆ ಅಮಾವಾಸ್ಯೆಯ ಆಸುಪಾಸಿನ ದಿನಗಳೇ ಒಳ್ಳೆಯದು. ಬ್ರಿಡ್ಜ್ ದಾರಿ ಪಾಚಿಗಟ್ಟಿದ ಕಲ್ಲು. ಚಪ್ಪಲಿ ಸಾಲದು, ಹಿಡಿತವಿರುವ ಶೂ ಬೇಕು. ಅತ್ತೆಯವರನ್ನು ಅಲ್ಲಿ ಇಳಿಸಬೇಡಿ ಎಂದೇ ನನ್ನ ಸಲಹೆ. ಅವರಿಗೆ ಐದನೇ ದಿನ ಸಂಜೆಯ ಲಕ್ಷ್ಮಣ್‌ಪುರ್ ಬೀಚ್ ಇದೆ, ಅಲ್ಲಿ ಸೂರ್ಯಾಸ್ತ ನೋಡಬಹುದು.

ಪೋರ್ಟ್ ಬ್ಲೇರ್‌ಗೆ ಮೊದಲ ದಿನದ ಮಧ್ಯಾಹ್ನ ಸಾಕು. 1896ರಿಂದ 1906ರವರೆಗೆ ಕಟ್ಟಿದ ಸೆಲ್ಯುಲರ್ ಜೈಲಿಗೆ ಎರಡೂವರೆ ಗಂಟೆ ಕೊಡಿ. ಏಳು ಸಾಲುಗಳಲ್ಲಿ ಮೂರು ಉಳಿದಿವೆ, ಮೇಲಿನ ಮಹಡಿಗಳಿಗೆ ಮೆಟ್ಟಿಲು ಹತ್ತಬೇಕು. ಸಂಜೆಯ ಧ್ವನಿ-ಬೆಳಕು ಪ್ರದರ್ಶನದ ಟಿಕೆಟ್ ಮುಂಚೆಯೇ ತೆಗೆದಿಡಿ. ಹಿಂದಿ, ಇಂಗ್ಲಿಷ್ ಯಾವ ಭಾಷೆಯ ಪ್ರದರ್ಶನ ಎಂದು ನೋಡಿಕೊಳ್ಳಿ.

ಬಾರಾತಂಗ್ ಬೇಡ ಎಂದದ್ದಕ್ಕೆ ಕಾರಣ ಹೇಳಬೇಕು. ನೂರು ಕಿ.ಮೀ. ದಾರಿ. ವಾಹನಗಳನ್ನು ಗೊತ್ತಾದ ಹೊತ್ತಿಗೆ ಒಟ್ಟಿಗೆ ಸಾಲಾಗಿ ಬಿಡುತ್ತಾರೆ. ಮೊದಲ ವಾಹನ ಸಾಲು ಬೆಳಗ್ಗೆ ಆರರ ಸುಮಾರಿಗೆ ಜಿರ್ಕಾಟಂಗ್ ಚೆಕ್‌ಪೋಸ್ಟ್ ಬಿಡುತ್ತದೆ, ಅದಕ್ಕಾಗಿ ಹೋಟೆಲಿನಿಂದ ಮೂರೂವರೆ-ನಾಲ್ಕಕ್ಕೆ ಹೊರಡಬೇಕು. ಆಮೇಲೆ ಫೆರಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಸ್ಪೀಡ್‌ಬೋಟ್, ಸುಣ್ಣಕಲ್ಲಿನ ಗುಹೆಗೆ ಒಂದು ಕಿ.ಮೀ.ಗೂ ಹೆಚ್ಚು ನಡಿಗೆ, ವಾಪಸ್ಸು ಮತ್ತೆ ವಾಹನ ಸಾಲು. ಹನ್ನೆರಡು ಗಂಟೆ ಗ್ಯಾರಂಟಿ. ಆ ರಸ್ತೆ ಜಾರವಾ ಜನರ ಮೀಸಲು ಕಾಡಿನೊಳಗೆ ಹಾದುಹೋಗುತ್ತದೆ. ಅಲ್ಲಿ ನಿಲ್ಲಿಸುವುದು, ಫೋಟೋ ತೆಗೆಯುವುದು, ತಿಂಡಿ ಕೊಡುವುದು ಅಪರಾಧ. ‘ಆದಿವಾಸಿಗಳು ಕಾಣುತ್ತಾರೆ’ ಎಂದು ಯಾರಾದರೂ ಆಸೆ ತೋರಿಸಿದರೆ ಅಂಥವರಲ್ಲಿ ಬುಕ್ ಮಾಡಲೇಬೇಡಿ. ಆ ಕಾಡು ಜಾರವಾ ಜನರ ಮನೆ.

ಬುಕಿಂಗ್ ಕ್ರಮ: ಮೊದಲು ವಿಮಾನ, ಆಮೇಲೆ ಮೂರೂ ಫೆರಿ, ಕೊನೆಗೆ ಹೋಟೆಲು. ಹೆಚ್ಚಿನವರು ಹೋಟೆಲು ಮೊದಲು ಮಾಡಿ, ಬೆಳಗಿನ ಹಡಗು ಸಿಗದೆ ಮಧ್ಯಾಹ್ನದ್ದು ಹಿಡಿದು, ಒಂದು ಸಂಜೆ ಕಳೆದುಕೊಳ್ಳುತ್ತಾರೆ. ಪೋರ್ಟ್ ಬ್ಲೇರ್‌ನಿಂದ ಬೆಳಗಿನ ಹಡಗೇ ಬೇಕು. ಹ್ಯಾವ್‌ಲಾಕ್‌ನಿಂದ ನೀಲ್‌ಗೂ ಬೆಳಗಿನದೇ, ಅದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ನೀಲ್‌ನಿಂದ ವಾಪಸ್ಸು ಮಾತ್ರ ಮಧ್ಯಾಹ್ನದ್ದು. ಸರ್ಕಾರಿ ಹಡಗು ಅಗ್ಗ, ಆದರೆ ಟಿಕೆಟ್ ಪ್ರಯಾಣಕ್ಕೆ ಕೆಲವೇ ದಿನ ಮುಂಚೆ ಬಿಡುಗಡೆಯಾಗುತ್ತದೆ, ದ್ವೀಪದವರಿಗೂ ಅದೇ ಆಸರೆ. ನಾಲ್ಕು ಜನರ ಕುಟುಂಬ ಅದನ್ನು ನಂಬಿ ಪ್ಲಾನ್ ಮಾಡುವುದು ಬೇಡ. ಜೆಟ್ಟಿಯ ಹೆಸರನ್ನೂ ಟಿಕೆಟ್‌ನಲ್ಲಿ ಓದಿ: ಸರ್ಕಾರಿ ಹಡಗು ಫೀನಿಕ್ಸ್ ಬೇಯಿಂದ, ಖಾಸಗಿಯವು ಹೆಚ್ಚಾಗಿ ಹ್ಯಾಡೋದಿಂದ. ಹೊಟ್ಟೆ ತೊಳಸುವವರು ನಡುವಿನ ಅಥವಾ ಹಿಂದಿನ ಸಾಲಿನ ಸೀಟು ತೆಗೆದುಕೊಳ್ಳಲಿ. ಮುಂಭಾಗದಲ್ಲಿ ಕುಲುಕಾಟ ಜಾಸ್ತಿ. ಎರಡು ಇಡ್ಲಿ ತಿಂದು ಹತ್ತಬೇಕು. ಖಾಲಿ ಹೊಟ್ಟೆಯೂ ಬೇಡ, ಪೂರಿ-ಸಾಗೂ ಬೇಡ. ವಾಂತಿ ಮಾತ್ರೆ ಹಡಗು ಹತ್ತುವ ಒಂದು ಗಂಟೆ ಮೊದಲು. ಅತ್ತೆಯವರಿಗೆ ಯಾವುದು ಆಗುತ್ತದೆ ಎಂದು ಊರಿನಲ್ಲೇ ವೈದ್ಯರನ್ನು ಕೇಳಿಕೊಂಡು ಬನ್ನಿ.

ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಎನ್ನುವುದನ್ನು ಮಾತ್ರ ಯಾರು ಹೇಳಿದರೂ ಬದಲಿಸಬೇಡಿ. ಗಾಳಿ ಎದ್ದರೆ ಫೆರಿಗಳು ಒಂದರ ಹಿಂದೆ ಒಂದು ರದ್ದಾಗುತ್ತವೆ. ಟಿಕೆಟ್ ಹಣ ವಾಪಸ್ಸು ಬಂದರೂ ವಿಮಾನ ಕಾಯುವುದಿಲ್ಲ. ಐದನೇ ದಿನ ಹ್ಯಾವ್‌ಲಾಕ್‌ನಲ್ಲೇ ಹವಾಮಾನದ ಎಚ್ಚರಿಕೆ ಕಿವಿಗೆ ಬಿದ್ದರೆ ನೀಲ್ ಬಿಟ್ಟು ನೇರ ಪೋರ್ಟ್ ಬ್ಲೇರ್‌ಗೆ ಬನ್ನಿ. ಹಾಗೆ ಉಳಿದ ದಿನಕ್ಕೆ ರಾಸ್ ದ್ವೀಪ ಇದೆ (ದಿಗ್ಲಿಪುರದ ರಾಸ್ ಅಲ್ಲ, ಪೋರ್ಟ್ ಬ್ಲೇರ್ ಪಕ್ಕದ್ದು): ಅಬರ್ಡೀನ್ ಜೆಟ್ಟಿಯಿಂದ ಹದಿನೈದು-ಇಪ್ಪತ್ತು ನಿಮಿಷ, ಬ್ರಿಟಿಷರ ಹಳೆಯ ಕಟ್ಟಡಗಳನ್ನು ಆಲದ ಬೇರು ನುಂಗಿ ನಿಂತಿವೆ, ಜಿಂಕೆಗಳು ಪಕ್ಕದಲ್ಲೇ ಓಡಾಡುತ್ತವೆ. ಆದರೆ ಗಾಳಿ ಜೋರಿದ್ದರೆ ಆ ದೋಣಿಯೂ ನಿಲ್ಲುತ್ತದೆ, ಹೊರಡುವ ಮುಂಚೆ ಜೆಟ್ಟಿಯಲ್ಲಿ ಕೇಳಿ.