ಹದಿನಾಲ್ಕು ತುಂಬಿದರೂ ಎಂಟನೆಯ ತರಗತಿ ಬಾಕಿ ಇದ್ದರೆ
ನಮಸ್ಕಾರ. ಕಬ್ಬು ಕಡಿಯಲು ಊರೂರು ಹೋಗುವ ಕುಟುಂಬದ ಹುಡುಗಿ ತಡವಾಗಿ ಶಾಲೆ ಸೇರಿ ಏಳನೆಯ ತರಗತಿಯಲ್ಲಿರುವಾಗಲೇ 14 ತುಂಬಿದರೆ ಅವಳ ಹಕ್ಕು ಮುಗಿಯಿತೇ, ಬೇರೆ ದೇಶಗಳಲ್ಲಿ ಹೇಗೆ ಎಂದು ಜಮಖಂಡಿಯಿಂದ ಕೇಳಿದ್ದೀರಿ.

ಮುಗಿಯುವುದಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷ ಎನ್ನುತ್ತದೆಯಾದರೂ, ತಡವಾಗಿ ದಾಖಲಾದ ಮಗುವಿಗೆ 14 ದಾಟಿದ ಮೇಲೂ ಎಂಟನೆಯ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ಸಿಗಬೇಕೆಂದು ಅದರ 4ನೆಯ ಕಲಮು ಸ್ಪಷ್ಟಪಡಿಸುತ್ತದೆ. ಟಿ.ಸಿ. ಬರುವುದು ತಡವಾಯಿತೆಂದು ಪ್ರವೇಶ ನಿರಾಕರಿಸುವಂತೆಯೂ ಇಲ್ಲ. ಹಂಗಾಮು ಮುಗಿಸಿ ಬಂದವರು, ನಾನು ಕಂಡಂತೆ, ಎಡವುವುದು ಇಲ್ಲಿಯೇ.

ಜಪಾನಿನಲ್ಲಿ ಕಡ್ಡಾಯ ಶಿಕ್ಷಣ 9 ವರ್ಷ. ಫ್ರಾನ್ಸಿನಲ್ಲಿ 2019ರಿಂದ 3ನೆಯ ವಯಸ್ಸಿಗೇ ಆರಂಭ. ಇಂಗ್ಲೆಂಡಿನಲ್ಲಿ 16ಕ್ಕೆ ಶಾಲೆ ಬಿಟ್ಟರೂ 18ರವರೆಗೆ ಓದು ಅಥವಾ ತರಬೇತಿಯಲ್ಲಿ ಇರಲೇಬೇಕು.