ನೆಗೆಟಿವ್ ವರದಿ ಇದ್ದರೂ ಅತ್ತೆಯ ರಕ್ತ ಕೇಳಿದ್ದೇಕೆ

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಕ್ಯಾನ್ಸರಿನ ಜೀನ್ ಪರೀಕ್ಷೆಯ ಇಂಥ ನೆಗೆಟಿವ್ ವರದಿ ಹಿಡಿದು ನನ್ನ ಬಳಿ ಬರುವವರು ಮಾತ್ರ ಕಡಿಮೆಯಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತು ದಾಟಿದ ಯುವತಿ. ತಂದೆಯ ತಾಯಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಸೋದರತ್ತೆಗೆ 38ಕ್ಕೇ ಸ್ತನ ಕ್ಯಾನ್ಸರ್ ಬಂದು ವಾಸಿಯಾಗಿತ್ತು. ಈಕೆ ತಾನೇ ಲ್ಯಾಬಿಗೆ ಹೋಗಿ ಬಿಆರ್‌ಸಿಎ ಪರೀಕ್ಷೆ ಮಾಡಿಸಿದ್ದಳು. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಜೀನುಗಳಲ್ಲಿ ದೋಷವಿದ್ದರೆ ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚು, ಆ ದೋಷ ವಂಶದಲ್ಲಿ ಹರಿದು ಬರುತ್ತದೆ. ನೆಗೆಟಿವ್. ‘ಇನ್ನು ಯೋಚನೆಯಿಲ್ಲ ಅಲ್ವಾ?’

ಹಾಗೆ ಹೇಳಲಾಗದು ಎಂದೆ. ಆ ಮನೆತನದಲ್ಲಿ ಯಾವ ದೋಷ ಇದೆಯೆಂದೇ ಗೊತ್ತಿಲ್ಲ. ದೋಷವಿದ್ದೂ ಈಕೆಗೆ ಬಂದಿರದೆ ಇರಬಹುದು, ಪಾಲ್ಬಿ2ದಂಥ ಬೇರೆ ಜೀನಿನಲ್ಲಿರಬಹುದು, ಅಥವಾ ಪರೀಕ್ಷೆಯ ಕಣ್ಣಿಗೇ ಬಿದ್ದಿಲ್ಲದಿರಬಹುದು. ವರದಿಯ ಕೊನೆಯಲ್ಲಿ ಪರೀಕ್ಷಾ ವಿಧಾನ ಬರೆದಿರುತ್ತಾರೆ. ದಯವಿಟ್ಟು ಅದನ್ನು ಓದಿ. ಈಕೆಯದರಲ್ಲಿ ಸೀಕ್ವೆನ್ಸಿಂಗ್, ಅಂದರೆ ಜೀನಿನ ಅಕ್ಷರಗಳನ್ನು ಓದುವ ವಿಧಾನ, ಮಾತ್ರ ಇತ್ತು. ಜೀನಿನ ದೊಡ್ಡ ತುಂಡೇ ಇಲ್ಲವಾಗಿದ್ದರೆ ಹಿಡಿಯುವ ಎಂಎಲ್‌ಪಿಎ ಎಂಬ ಪರೀಕ್ಷೆ ಇರಲಿಲ್ಲ. ಮನೆತನದ ದೋಷ ಯಾವುದೆಂದು ಮೊದಲು ಗೊತ್ತಾಗದೆ ನೆಗೆಟಿವ್ ಅನ್ನು ನಂಬಲಾಗದು. ಕಾಯಿಲೆ ಬಂದವರಿಂದಲೇ, ಇಲ್ಲಿ ಅತ್ತೆಯಿಂದ, ಹುಡುಕಾಟ ಶುರುವಾಗಬೇಕು ಎನ್ನುವುದು ಇದಕ್ಕೇ.

ಅತ್ತೆಯ ಹೆಸರೆತ್ತಿದೊಡನೆ ಮುಖ ಇಳಿಯಿತು. ‘ಹೇಗೆ ಕೇಳಲಿ? ನಿಮ್ಮಿಂದ ನಂಗೂ ಬಂತಾ ಅಂತ ಕೇಳಿದ ಹಾಗಾಗಲ್ವಾ?’

ಇಡೀ ಪ್ರಕರಣ ತಡೆದು ನಿಂತಿದ್ದೇ ಈ ಮಾತಿನಲ್ಲಿ. ಕಾಗದದ ಮೇಲೆ ವಂಶವೃಕ್ಷ ಬರೆದು ತೋರಿಸಿದೆ: ಅಜ್ಜಿಯಲ್ಲಿ ದೋಷವಿದ್ದರೆ ಅವರ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅರ್ಧಕ್ಕರ್ಧ ಸಾಧ್ಯತೆ. ನಿಮಗೆ ಬಂದರೆ ಅದು ನಿಮ್ಮ ತಂದೆಯಿಂದ. ಅತ್ತೆಯಿಂದ ನಿಮಗೆ ಬರುವ ದಾರಿಯೇ ಇಲ್ಲ. ಈ ಚೀಟಿಯನ್ನೇ ಅವರಿಗೆ ತೋರಿಸಿ. ಪರೀಕ್ಷೆಯಿಂದ ಮೊದಲ ಉಪಯೋಗ ಅವರಿಗೇ ಎಂದೂ ಹೇಳಿ. ಬಿಆರ್‌ಸಿಎ1 ದೋಷವಿದ್ದರೆ 80 ವರ್ಷದೊಳಗೆ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇ. 44. ಅದನ್ನು ಬೇಗ ಪತ್ತೆಹಚ್ಚುವ ನೆಚ್ಚಬಹುದಾದ ತಪಾಸಣೆ ಇಲ್ಲ. ಹೆರಿಗೆಗಳು ಮುಗಿದ ಮೇಲೆ, 35ರಿಂದ 40ರೊಳಗೆ, ಅಂಡಾಶಯ ಮತ್ತು ಅಂಡನಾಳ ತೆಗೆಸುವುದೇ ಸಲಹೆ. ಅತ್ತೆ ಆ ವಯಸ್ಸನ್ನು ಆಗಲೇ ದಾಟಿದ್ದರು.

‘ಇನ್ನೊಂದು ಟೆಸ್ಟಿಗೆ ದುಡ್ಡು ಸುರಿಸುತ್ತೀರಿ’ ಎಂಬ ಆಕ್ಷೇಪಣೆ ಆಗಾಗ ಬರುತ್ತದೆ. ದೋಷದ ಜಾಗ ಒಮ್ಮೆ ಗೊತ್ತಾದರೆ ಉಳಿದ ಬಂಧುಗಳಿಗೆ ಅದೊಂದನ್ನೇ ನೋಡಿದರೆ ಸಾಕು, ಖರ್ಚು ಬಹಳ ಕಡಿಮೆ. ಹಣ ಪೋಲಾಗುವುದು ಕ್ರಮ ತಪ್ಪಿದಾಗ.

ಅತ್ತೆ ಒಪ್ಪಿದರು. ಎಂಎಲ್‌ಪಿಎಯಲ್ಲಿ ಬಿಆರ್‌ಸಿಎ1ರ ಒಂದು ಎಕ್ಸಾನ್, ಅಂದರೆ ಜೀನಿನ ಒಂದು ತುಂಡು, ಇಲ್ಲದಿರುವುದು ಕಂಡಿತು. ಅದೊಂದನ್ನೇ ಹುಡುಕಿದಾಗ ಯುವತಿಯಲ್ಲೂ ಅದೇ ದೋಷ. ಈಕೆಗೆ ಈಗ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ, ಜೊತೆಗೆ ಮ್ಯಾಮೋಗ್ರಾಂ. ಅತ್ತೆಗೆ ಶಸ್ತ್ರಚಿಕಿತ್ಸೆ ಆಗಿದೆ. ಅತ್ತೆಯ ಮಗಳಿಗೆ 16 ವರ್ಷ. ತಪಾಸಣೆ ಶುರುವಾಗುವುದೇ 25ಕ್ಕೆ, ಹಾಗಾಗಿ ಅವಳ ಪರೀಕ್ಷೆ ಈಗ ಬೇಡ, 18 ತುಂಬಿದ ಮೇಲೆ ಅವಳೇ ನಿರ್ಧರಿಸಲಿ ಎಂದಿದ್ದೇನೆ.